ಪದಚರ್ಚೆ: ಆಸ್ಟಿಯೋಡರ್ಮ್‌ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಡೈನೋಸಾರ್ ಪ್ರದರ್ಶನವೊಂದರ ವಿವರಫಲಕಗಳ ಕನ್ನಡ ಪಠ್ಯ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಉಳಿದಿರುವುದು ಒಂದೇ ಪದ, ಆಸ್ಟಿಯೋಡರ್ಮ್, ಅಂದರೆ ಕೆಲವು ಪ್ರಾಣಿಗಳ ಚರ್ಮದಲ್ಲಿ ಬೆಳೆಯುವ ಮೂಳೆಯ ತುಂಡು. ಎರಡು ಫಲಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು, ಕೆನಡಾದ ಆಲ್ಬರ್ಟಾದ ಗಣಿಯಲ್ಲಿ 2011ರಲ್ಲಿ ಸಿಕ್ಕ ಬೋರಿಯಲೋಪೆಲ್ಟಾ ಎಂಬ ಡೈನೋಸಾರ್‌ನದು. ಇನ್ನೊಂದು, ಜಬಲ್ಪುರದ ಲಮೆಟಾಸಾರಸ್ ಎಂಬ ಡೈನೋಸಾರ್‌ನದು. ಕರಡಿನಲ್ಲಿ ‘ಚಿಪ್ಪು’ ಎಂದಿದೆ. ‘-ಗಳು’ ಸೇರಿಸಿದರೂ ವಿಭಕ್ತಿ ಹತ್ತಿಸಿದರೂ ತೊಡಕಾಗದ, ಏಳನೇ ತರಗತಿಯ ಮಕ್ಕಳಿಗೆ ನಾಲಗೆ ತಿರುಗುವಂಥ ಪದ ಬೇಕು. ಬಲ್ಲವರು ಇವತ್ತೇ ತಿಳಿಸಿದರೆ ಉಪಕಾರ.
– ರಾ.

---

ಚಿಪ್ಪು ಬೇಡವೇ ಬೇಡ. ಚಿಪ್ಪುಹಂದಿಯ ಚಿಪ್ಪು ಕೆರಾಟಿನ್, ಅಂದರೆ ನಮ್ಮ ಉಗುರಿನಲ್ಲಿರುವ ವಸ್ತು, ಹೊರಚರ್ಮದಿಂದ ಬೆಳೆಯುವಂಥದು. ಆಮೆಯ ಚಿಪ್ಪಿನ ಬಹುಪಾಲು ಪಕ್ಕೆಲುಬು ಬೆನ್ನೆಲುಬುಗಳೇ ಅಗಲವಾಗಿ ಬೆಸೆದುಕೊಂಡದ್ದು. ಆಸ್ಟಿಯೋಡರ್ಮ್ ಒಳಚರ್ಮದಲ್ಲೇ ಹುಟ್ಟುವ ಮೂಳೆ. ಅಸ್ಥಿಪಂಜರಕ್ಕೆ ಕೀಲಿನಿಂದ ಸೇರಿರುವುದಿಲ್ಲ. ಅದಕ್ಕೇ ಚರ್ಮ ಕೊಳೆತ ಮೇಲೆ ಚೆಲ್ಲಾಪಿಲ್ಲಿಯಾಗಿ, ಯಾವುದು ಮೈಯಲ್ಲಿ ಎಲ್ಲಿತ್ತು ಎಂದು ಹೇಳುವುದೇ ಕಷ್ಟವಾಗುತ್ತದೆ.

ಬೋರಿಯಲೋಪೆಲ್ಟಾದ ಬೆಲೆ ಇರುವುದು ಇಲ್ಲೇ. ಸುಮಾರು 11 ಕೋಟಿ ವರ್ಷಗಳ ಹಿಂದೆ ಅದರ ಹೆಣ ಕಡಲಿಗೆ ತೇಲಿಹೋಗಿ, ಬೆನ್ನು ಕೆಳಗಾಗಿ ತಳ ಸೇರಿತು. ಸುತ್ತ ಸಿಡರೈಟ್ ಎಂಬ ಕಬ್ಬಿಣದ ಖನಿಜ ಗಟ್ಟಿಕಟ್ಟಿತು. ಹಾಗಾಗಿ ಮೂಳೆಗಳು ಸಾಲುಸಾಲಾಗಿ ಇದ್ದಲ್ಲೇ ಉಳಿದವು, ಅವುಗಳ ಮೇಲಿನ ಕೆರಾಟಿನ್ ಹೊದಿಕೆಯೂ ಉಳಿಯಿತು. ಹಸುವಿನ ಕೊಂಬಿನಲ್ಲಿ ಒಳಗೆ ಮೂಳೆ, ಮೇಲೆ ಕೊಂಬಿನ ಹೊದಿಕೆ ಇರುವ ಹಾಗೆ. ಕಲ್ಲನ್ನು ಬಿಡಿಸುವುದಕ್ಕೆ ಮಾರ್ಕ್ ಮಿಚೆಲ್ ಎಂಬ ತಂತ್ರಜ್ಞರಿಗೆ ಸುಮಾರು 7,000 ಗಂಟೆ ಹಿಡಿಯಿತು. 2017ರಲ್ಲಿ ಅವರ ಹೆಸರನ್ನೇ ಪ್ರಭೇದಕ್ಕೆ ಇಟ್ಟರು. ನಿಮ್ಮ ಫಲಕದಲ್ಲಿ ಎರಡು ಪದ ಬೇಕು: ಮೇಲಿನದಕ್ಕೆ ‘ಕೊಂಬಿನ ಹೊದಿಕೆ’, ಒಳಗಿನದಕ್ಕೆ ‘ಮೂಳೆಫಲಕ’.
– ವಿ.ಎಸ್.

---

ಮೂಳೆಫಲಕ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಆಗದು. ಚರ್ಮಾಸ್ಥಿ ಎನ್ನಿ. ಸವರ್ಣದೀರ್ಘ ಸಂಧಿ, ಅರ್ಥ ನಿಖರ, ಗ್ರೀಕ್ ಮೂಲದ ಎರಡೂ ಅಂಗಗಳು ಬಂದಿವೆ.
– ನ. ಶಾ.

---

ಏಳನೇ ತರಗತಿಯ ಮಕ್ಕಳಿಗೆ ‘ಅಸ್ಥಿ’ ಎಂದರೆ ಹೊಳೆಯಲ್ಲಿ ಬಿಡುವ ಬೂದಿ. ತೊಗಲು ಇದೆ, ಎಲುಬು ಇದೆ, ಕೂಡಿಸಿದರೆ ತೊಗಲೆಲುಬು. ಕನ್ನಡದಲ್ಲಿ ಇರುವುದನ್ನು ಬಿಟ್ಟು ಸಂಸ್ಕೃತದಿಂದ ಎರವಲು ತರುವ ಚಾಳಿ ಯಾವಾಗ ಹೋಗುತ್ತದೋ!
– ಗುರು

---

ಗುರು ಅವರೇ, ತೊಗಲೆಲುಬು ಎಂದೊಡನೆ ಓದುಗನ ಮನಸ್ಸಿಗೆ ಬರುವುದು ಮೂಳೆ ಚಕ್ಕಳವಾದ ಪ್ರಾಣಿ. ಟನ್‌ಗಿಂತ ಹೆಚ್ಚು ತೂಗುತ್ತಿದ್ದ ಬೋರಿಯಲೋಪೆಲ್ಟಾದ ಪಕ್ಕದಲ್ಲಿ ಆ ಪದ ನಿಲ್ಲುವುದಿಲ್ಲ.

‘ಕವಚ’ ಸೇರಿಸಿ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಹೆಸರಿನಲ್ಲಿ ಕೆಲಸವನ್ನು ತುರುಕಬೇಡಿ. ಮಡಗಾಸ್ಕರ್‌ನ ರಪೆಟೋಸಾರಸ್ ಎಂಬ ಟೈಟನೋಸಾರ್‌ ಗುಂಪಿನ ಉದ್ದ ಕತ್ತಿನ ಡೈನೋಸಾರ್‌ನ ಎರಡು ಆಸ್ಟಿಯೋಡರ್ಮ್‌ಗಳನ್ನು 2011ರಲ್ಲಿ ವಿವರಿಸಿದರು. ಮರಿಯದು ಗಟ್ಟಿ. ಬೆಳೆದ ಪ್ರಾಣಿಯದರ ಗಾತ್ರ 9 ಲೀಟರಿಗೂ ಹೆಚ್ಚು, ಆದರೆ ಒಳಗೆ ಟೊಳ್ಳು. ಬರಗಾಲದಲ್ಲಿ, ಮೊಟ್ಟೆಯಿಡುವಾಗ ಕ್ಯಾಲ್ಸಿಯಂನಂಥ ಖನಿಜ ಒದಗಿಸುವ ಉಗ್ರಾಣವಾಗಿತ್ತು ಎಂಬುದು ಆ ಸಂಶೋಧಕರ ವಿವರಣೆ. ಒಳಗಿಂದ ಕರಗಿ ಟೊಳ್ಳಾಗುವುದನ್ನು ಕವಚ ಎಂದರೆ ಮಕ್ಕಳಿಗೆ ತಪ್ಪು ಕಲಿಸಿದಂತೆ.

ನನ್ನ ಸೂಚನೆ: ಮೂಳೆಬಿಲ್ಲೆ. ಮೂಳೆಬಿಲ್ಲೆಗಳು, ಮೂಳೆಬಿಲ್ಲೆಯ, ಮೂಳೆಬಿಲ್ಲೆಗೆ. ಎಲ್ಲೂ ತೊಡಕಿಲ್ಲ, ಒತ್ತಕ್ಷರವೂ ಒಂದೇ.
– ಸುಮಾ

---

ಒಪ್ಪಿದೆ. ತಮಿಳಿನ ವಿಲ್ಲೈ ನೋಡಿ, ಗುಂಡನೆಯ ಚಪ್ಪಟೆ ತುಂಡು. ಬಿಲ್ಲೆ ನಮ್ಮದೇ.
– ಗುರು

---

ಮರಾಠಿಯಲ್ಲಿ ಬಿಲ್ಲಾ ಇದೆ, ಜವಾನರ ಪಟ್ಟಿಯ ಮೇಲಿನ ಬಿಲ್ಲೆ ಅಲ್ಲಿಂದ ಬಂದದ್ದು. ಅದಿರಲಿ. ಬೋರಿಯಲೋಪೆಲ್ಟಾದ ಹೆಗಲಿನ ಮೇಲೆ ಇರುವುದು ಉದ್ದನೆಯ ಮುಳ್ಳು. ಅದೂ ಬಿಲ್ಲೆಯೇ? ಆಕಾರ ಹೇಳದ ಪದ ಚರ್ಮಾಸ್ಥಿ ಒಂದೇ.
– ನ. ಶಾ.

---

ಮುಳ್ಳಿನ ಮಾತು ಸರಿ. ಅಲ್ಲಿ ಮಾತ್ರ ‘ಹೆಗಲಿನ ಮೂಳೆಮುಳ್ಳು’ ಎನ್ನಿ. ಪ್ರದರ್ಶನದಲ್ಲಿ ಅದನ್ನು ಹೇಗೂ ಬೇರೆಯಾಗಿಯೇ ತೋರಿಸುತ್ತಾರೆ.

ಅರಿಸಮಾಸದ ಮಾತಿಗೆ ಬಂದರೆ, ‘ಮಳೆಮಾಪಕ’ ದಿನಪತ್ರಿಕೆಯಲ್ಲಿ ಬರುತ್ತದೆ, ಯಾರೂ ತಡೆದಿಲ್ಲ. ಡೈನೋಸಾರ್ ಶಾಸ್ತ್ರವೇ ಬೆರಕೆ ಹೆಸರುಗಳ ಮೇಲೆ ನಿಂತಿದೆ. 1975ರಲ್ಲಿ ಹೆಸರಿಸಿದ ಬಾರಾಪಾಸಾರಸ್ ಎಂಬ ಡೈನೋಸಾರ್‌ನ ಹೆಸರಿನಲ್ಲಿ ದೊಡ್ಡ ಕಾಲು ಎಂಬ ಬಂಗಾಳಿ ಮಾತಿಗೆ ಗ್ರೀಕಿನ ಬಾಲ. ತಮಿಳುನಾಡಿನ ಕಲ್ಲಮೇಡುವಿನ ಡೈನೋಸಾರ್ ಬೃಹತ್ಕಾಯೋಸಾರಸ್‌ನ ಹೆಸರೂ ಸಂಸ್ಕೃತಕ್ಕೆ ಗ್ರೀಕ್ ಬೆಸೆದದ್ದು.
– ವಿ.ಎಸ್.

---

ಲ್ಯಾಟಿನ್ ಬಳಸುವವರು ತಮ್ಮ ವ್ಯಾಕರಣ ಕೆಡಿಸಿಕೊಂಡರೆ ನಾವೂ ಕೆಡಿಸಿಕೊಳ್ಳಬೇಕೆಂದಿಲ್ಲ.
– ನ. ಶಾ.

---

ಹಾಗಾದರೆ ಡೈನೋಸಾರ್ ಪದವನ್ನೂ ತೆಗೆಯಿರಿ. 1842ರಲ್ಲಿ ರಿಚರ್ಡ್ ಓವನ್ ಕಟ್ಟಿದ ಮಾತು, ಕನ್ನಡದ್ದಲ್ಲ. ಪರಕೀಯ ಪದ ಬಂದರೆ ಸುಮ್ಮನಿರುತ್ತೀರಿ, ಕನ್ನಡ ಪದ ಸಂಸ್ಕೃತದ ಜೊತೆ ಕೂತರೆ ಮಾತ್ರ ಮೈಲಿಗೆ.
– ಗುರು

---

ಎಲ್ಲರಿಗೂ ವಂದನೆ. ಮೂಳೆಬಿಲ್ಲೆ, ಮೂಳೆಮುಳ್ಳು, ಕೊಂಬಿನ ಹೊದಿಕೆ, ಮೂರನ್ನೂ ಬಳಸುತ್ತಿದ್ದೇನೆ. ಎರಡನೇ ಫಲಕದ ವಾಕ್ಯ: “ಲಮೆಟಾಸಾರಸ್‌ನ ಮೈಮೇಲೆ ಮೂಳೆಬಿಲ್ಲೆಗಳಿದ್ದವು.” ಸರಿಯೇ?
– ರಾ.

---

ಪದ ಸರಿ, ವಾಕ್ಯ ತಪ್ಪು. ಅಚ್ಚಿಗೆ ಕೊಡಬೇಡಿ. ಜಬಲ್ಪುರದ ಬಾರಾ ಸಿಮ್ಲಾ ಗುಡ್ಡದಲ್ಲಿ ಸಿಕ್ಕ ಸೊಂಟದ ಮೂಳೆ, ಮೊಣಕಾಲಿನ ಕೆಳಗಿನ ಮೂಳೆ, ಮೂಳೆಬಿಲ್ಲೆಗಳು ಎಲ್ಲವನ್ನೂ ಒಂದೇ ಪ್ರಾಣಿಯವೆಂದು ತಿಳಿದು ಮ್ಯಾಟ್ಲಿ ಎಂಬ ಸಂಶೋಧಕರು 1923ರಲ್ಲಿ ಆ ಹೆಸರಿಟ್ಟರು. ಕವಚವಿದ್ದ ಸಸ್ಯಾಹಾರಿ ಎಂದುಕೊಂಡರು. 1935ರಲ್ಲೇ ಚಕ್ರವರ್ತಿ ಎಂಬ ಇನ್ನೊಬ್ಬ ಸಂಶೋಧಕರು ಇದನ್ನು ಪ್ರಶ್ನಿಸಿದರು. ಸೊಂಟ ಮತ್ತು ಕಾಲು ಮಾಂಸಾಹಾರಿ ಅಬೆಲಿಸಾರ್ ಗುಂಪಿನವು, ಬಿಲ್ಲೆಗಳು ಬೇರೆ ಪ್ರಾಣಿಯವು. ಕೀಲಿಲ್ಲದ ಮೂಳೆ ಯಾರದೆಂದು ನಿರ್ಧರಿಸುವಾಗ ಆಗುವ ತೊಂದರೆ ಇದೇ. ಹೀಗೆ ಬರೆಯಿರಿ: “ಲಮೆಟಾಸಾರಸ್ ಎಂದು ಹೆಸರಿಸಿದ ಮೂಳೆಗಳ ಜೊತೆ ಬೇರೆ ಪ್ರಾಣಿಯ ಮೂಳೆಬಿಲ್ಲೆಗಳೂ ಬೆರೆತಿದ್ದವು.”

ಅಚ್ಚಿನವರು ಪಠ್ಯವನ್ನು ಯೂನಿಕೋಡ್‌ನಿಂದ ‘ನುಡಿ’ ತಂತ್ರಾಂಶದ ಅಕ್ಷರಗಳಿಗೆ ಬದಲಿಸಿದರೆ ‘ಲ್ಲೆ’ ಒಡೆದಿದೆಯೇ ಎಂದು ಕರಡಚ್ಚಿನಲ್ಲಿ ನೋಡಿಯೇ ಒಪ್ಪಿಗೆ ಕೊಡಿ.
– ವಿ.ಎಸ್.