ಹರಿಯುವ ನೀರಲ್ಲಿ ಮರ ಚೆನ್ನಾಗಿದೆ, ನಿಂತ ನೀರಲ್ಲಿ ಸೊರಗುತ್ತಿದೆ. ಹೆಸೆಲ್‌ಮನ್ ಅಂದರೆ ಯಾರು?

ಹೊಸನಗರದ ತೋಟದವ:
ನಮ್ಮ ಅಡಿಕೆ ತೋಟ ಹಳ್ಳದ ಪಕ್ಕ ಇದೆ. ಮಳೆಗಾಲ ಪೂರ್ತಿ ದಂಡೆಯ ಮರಗಳ ಬೇರು ನೀರಲ್ಲೇ ಇರುತ್ತದೆ, ಆದರೂ ಮರ ಗಟ್ಟಿಯಾಗಿವೆ. ಕೆಳಗಿನ ಮೂಲೆಯಲ್ಲಿ ಅಷ್ಟು ನೀರಿಲ್ಲ, ಆದರೆ ಇದ್ದದ್ದು ನಿಂತಿರುತ್ತದೆ. ಅಲ್ಲಿ ಸೋಗೆ ಹಳದಿಯಾಗಿದೆ. ಅರಣ್ಯಶಾಸ್ತ್ರ ಓದುವ ಅಕ್ಕನ ಮಗಳು, "ಮಾವ, ಇದನ್ನ ಸ್ವೀಡನ್ನಿನ ಹೆಸೆಲ್‌ಮನ್ ನೂರು ವರ್ಷದ ಹಿಂದೆಯೇ ಅಳೆದು ನೋಡಿದ್ದಾರೆ" ಅಂದಳು. ಯಾರಿವರು?

ಸಾಗರದ ನಿವೃತ್ತ ಮೇಷ್ಟ್ರು:
ಹೆನ್ರಿಕ್ ಹೆಸೆಲ್‌ಮನ್. ಹುಟ್ಟಿದ್ದು 1874, ತೀರಿಕೊಂಡಿದ್ದು 1943. ಸಸ್ಯಶಾಸ್ತ್ರದವರು, ಕಾಡಿನ ಸಂಶೋಧನೆಗೆ ಬಂದರು. ಸ್ವೀಡನ್ ಸರ್ಕಾರ 1902ರಲ್ಲಿ ಶುರು ಮಾಡಿದ ಅರಣ್ಯ ಪ್ರಯೋಗ ಸಂಸ್ಥೆಯಲ್ಲಿ ಅವರ ಕೆಲಸ.

ನಿಮ್ಮ ಮೂಲೆಯ ಕಥೆ ಅವರ 1910ರ ಬರಹದಲ್ಲಿದೆ. ಸ್ವೀಡನ್ನಿನಲ್ಲಿ ಕಾಡು ಜೌಗಾಗಿ ಮರಗಳು ಸೊರಗುತ್ತಿದ್ದವು. ನೀರು ಹರಿಯುವ ಕಡೆ ಮಾತ್ರ ಚೆನ್ನಾಗಿ ಬೆಳೆಯುತ್ತಿದ್ದವು. ಹೆಸೆಲ್‌ಮನ್ ಎರಡೂ ಕಡೆಯ ನೀರಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆದರು. ಹರಿಯುವ ನೀರಲ್ಲಿ ಇತ್ತು. ಪಾಚಿಯಡಿ ನಿಂತ ನೀರಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಬೇರಿಗೂ ಉಸಿರಾಡಬೇಕು, ಅಲ್ವಾ?

ನಮ್ಮಪ್ಪ ಮಳೆ ಹಿಡಿಯುವ ಮುಂಚೆ ಬಸಿಗಾಲುವೆ ಎತ್ತಿಸದೆ ಬಿಟ್ಟವರಲ್ಲ. "ನೀರು ಓಡ್ಬೇಕು, ಕೂರಬಾರದು" ಅನ್ನುತ್ತಿದ್ದರು. ಹೆಸೆಲ್‌ಮನ್ ಬಗ್ಗೆ ಓದಿದ ದಿನ ಅಪ್ಪ ತುಂಬಾ ನೆನಪಾದರು.

ಆಮೇಲೆ ಹೆಸೆಲ್‌ಮನ್ ಹೆಚ್ಚು ದುಡಿದಿದ್ದು ಕಾಡಿನ ನೆಲದ ದರಗಿನ, ಅಂದರೆ ಉದುರಿದ ಒಣ ಎಲೆಯ ಮೇಲೆ. ಅದು ಹೇಗೆ ಕೊಳೆಯುತ್ತದೆ, ಅದರಲ್ಲಿರುವ ಸಾರಜನಕ ಸಸಿಗೆ ಯಾವಾಗ ಸಿಗುತ್ತದೆ ಅಂತ. 1917ರಲ್ಲೂ 1926ರಲ್ಲೂ ಈ ಬಗ್ಗೆ ದೊಡ್ಡ ಬರಹ ತಂದರು. ಸೊಪ್ಪಿನ ಬೆಟ್ಟದಿಂದ ದರಗು ತರುವ ನಾವು ಓದಬೇಕಾದ ವಿಷಯ ಇದು.

ತೀರ್ಥಹಳ್ಳಿಯಿಂದ:
ಸಮುದ್ರದಲ್ಲಿ ಮರದ ಪರಾಗ ಹಿಡಿದವರೂ ಇವರೇನಾ?

ಸಾಗರದ ನಿವೃತ್ತ ಮೇಷ್ಟ್ರು:
ಹೌದು, ಅವರೇ. 1918ರಲ್ಲಿ ಸ್ವೀಡನ್, ಫಿನ್ಲೆಂಡ್ ನಡುವಿನ ಬೋತ್ನಿಯಾ ಕೊಲ್ಲಿಯಲ್ಲಿ ಲಂಗರು ಹಾಕಿದ ಎರಡು ದೀಪದ ಹಡಗುಗಳ (ದೀಪಸ್ತಂಭದ ಹಾಗೆ ದಾರಿ ತೋರಿಸುವ ಹಡಗು) ಮೇಲೆ ತಟ್ಟೆ ಇಡಿಸಿದರು. ದಡದಿಂದ ಒಂದು 30 ಕಿ.ಮೀ. ದೂರ, ಇನ್ನೊಂದು 55. ಎರಡರಲ್ಲೂ ಪೈನ್, ಸ್ಪ್ರೂಸ್ ಪರಾಗ ಬಂದು ಬಿದ್ದಿತ್ತು! ಎಲ್ಲಿಯ ಕಾಡು, ಎಲ್ಲಿಯ ಹಡಗು.

ಹೊಸನಗರದ ತೋಟದವ:
ಮೇಷ್ಟ್ರೇ, ಬೆಳಿಗ್ಗೆ ಮೂಲೆಯಲ್ಲಿ ಅಗೆದು ನೋಡಿದೆ. ಬೇರು ಕಪ್ಪಾಗಿದೆ. ಹಿಡಿದು ಎಳೆದರೆ ಸಿಪ್ಪೆ ಕೈಗೆ ಬರುತ್ತದೆ, ಕೊಳೆತ ವಾಸನೆ ಬೇರೆ. ಕಾಲುವೆ ಎಷ್ಟು ಆಳ ಬೇಕು?

ಸಾಗರದ ನಿವೃತ್ತ ಮೇಷ್ಟ್ರು:
ಗಿಡ ನೆಟ್ಟ ಗುಂಡಿಯ ತಳಕ್ಕಿಂತ ಒಂದು ಗೇಣು ಕೆಳಗೆ ಹೋಗಲಿ. ಇಳಿಜಾರು ಹಳ್ಳದ ಕಡೆಗೇ ಇರಲಿ. ಈ ವಾರವೇ ಆಳು ಹಚ್ಚಿ.