ನಾಚಿಕಿ ಆದದ್ದನ್ನ ದೇವರ ಮುಂದ ಹೆಂಗ ಇಡೂದು?

ಯುವಕೂಟ_ಹುಬ್ಬಳ್ಳಿ:
ಎಲ್ಲಾರಿಗೂ ವಂದನೆ. ಮುಂದಿನ ತಿಂಗಳು ನಮ್ಮ ಚರ್ಚಿನ ಯುವಕೂಟದಾಗ ಈ ವಿಷಯ ತಗೊಳ್ಳೂದೈತಿ. ಪಾಪದ ಅರಿಕೆ ಬಗ್ಗೆ ಪಾಠ ಬೇಕಾದಷ್ಟು ಅದಾವ, ನಾಚಿಕಿ ಬಗ್ಗೆ ಸಿಗವಲ್ವು. ಸಾಲ ಮುಚ್ಚಿಟ್ಟವ್ರು, ಆನ್‌ಲೈನ್ ರಮ್ಮಿ ಚಟಕ್ಕ ಬಿದ್ದವ್ರು, ಲಗ್ನ ಮುರಿದವ್ರು, ಸಣ್ಣವರಿದ್ದಾಗ ಯಾರಿಂದಲೋ ಕೆಟ್ಟ ರೀತಿ ಮುಟ್ಟಿಸಿಕೊಂಡವ್ರು, ಇಂಥವ್ರಿಗೆ ಪ್ರಾರ್ಥನಾಕ್ಕ ಕುಂತ್ರ ಮಾತ ಹೊರಡೂದಿಲ್ಲ. ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ತಗೊಳ್ಳೂ ಸಂಸ್ಕಾರ) ಇದ್ದ ಭಾನುವಾರ ಹಿಂದಿನ ಬೆಂಚಿನಿಂದ ಎದ್ದು ಹೋಗಿಬಿಡ್ತಾರ. "ದೇವರು ಕ್ಷಮಿಸ್ತಾನ" ಅಂದ್ರ ತಲಿ ಅಲ್ಲಾಡಿಸ್ತಾರ, ಒಳಗ ಏನೂ ಇಳಿಯೂದಿಲ್ಲ. ಏನು ಹೇಳಬೇಕು, ಯಾರ ಮುಂದ ಹೇಳಬೇಕು, ಎಷ್ಟು ಹೇಳಬೇಕು? ಬಲ್ಲವರು ತಿಳಿಸ್ರಿ.

ಬೆಟಗೇರಿ_ಓದುಗ:
ನಾಚಿಕಿ ಅನ್ನೂ ಒಂದ ಗಂಟಿನ್ಯಾಗ ಎರಡು ಸಾಮಾನು ಇರ್ತಾವ: ನಾ ಮಾಡಿದ್ದು ಒಂದು, ನನ್ನ ಮ್ಯಾಲ ಬಿದ್ದದ್ದು ಇನ್ನೊಂದು. ಕ್ಷಮಾ ಅನ್ನೂದು ಮೊದಲನೇದಕ್ಕ ಅಷ್ಟ. ಎರಡನೇದಕ್ಕೂ ಅದನ್ನ ಹಚ್ಚಿದ್ರ ಒಳಗ ಇಳಿಯೂದಿಲ್ಲ, ನಿಮ್ಮ ಹುಡುಗರಿಗೆ ಆಗೂದು ಇದ.

ಸತ್ಯವೇದದಾಗ (ಬೈಬಲ್) 69ನೇ ಕೀರ್ತನೆ ತಗೀರಿ. 5ನೇ ವಚನದಾಗ ಕೀರ್ತನಕಾರ ತನ್ನ ಮೂಢತನ, ತನ್ನ ಅಪರಾಧ ದೇವರಿಗೆ ಗೊತ್ತು ಅಂತಾನ. 12ರಾಗ ಊರಬಾಗಿಲದಾಗ ಕುಂತವ್ರು ಆಡಿಕೊಳ್ತಾರ, ಕುಡುಕರು ಅವನ ಮ್ಯಾಲ ಹಾಡು ಕಟ್ಟತಾರ. 19ರಾಗ ತನಗಾದ ನಿಂದೆ, ಅವಮಾನ ನೀ ಬಲ್ಲಿ ಅಂತಾನ. 5ರ ಧಾಟಿ ಬ್ಯಾರೆ, 19ರ ಧಾಟಿ ಬ್ಯಾರೆ. ಒಂದು ಅರಿಕೆ, ಒಂದು ದೂರು. ಎರಡನ್ನೂ ಒಂದ ಪ್ರಾರ್ಥನಾದಾಗ ಇಟ್ಟಾನ, ಆದ್ರ ಕಲಸಿಲ್ಲ.

ಹಂಗಾಗಿ ಒಂದು ಹಾಳಿ ತಗೊಂಡು ನಡುವ ಗೆರಿ ಎಳೀರಿ. ಎಡಕ್ಕ "ನಾ ಮಾಡಿದ್ದು", ಬಲಕ್ಕ "ನನ್ನ ಮ್ಯಾಲ ಬಿದ್ದದ್ದು". ಎಡಗಡೆ ಕ್ರಿಯಾಪದ, ಹೆಸರು, ಅಂಕಿ ಇರಬೇಕು: "ಹೆಂಡತಿಗೆ ಹೇಳದ ಆಕಿ ಬಂಗಾರದ ಬಳಿ ಒತ್ತಿ ಇಟ್ಟೆ, 40,000 ತಗೊಂಡೆ, ಆಟದಾಗ ಕಳಕೊಂಡೆ." ಬಲಗಡೆ: "ಬೀಗರ ಮುಂದ ಅಪ್ಪ 'ನೀ ಹುಟ್ಟಬಾರದಿತ್ತು' ಅಂದ." ಲಗ್ನ ಮುರಿದವ್ರಿಗೆ ಎರಡೂ ಕಡೆ ಒಂದಿಷ್ಟು ಬರ್ತಾವ. ಸಣ್ಣವರಿದ್ದಾಗ ಮುಟ್ಟಿಸಿಕೊಂಡವ್ರಿಗೆ ಎಡಗಡೆ ಖಾಲಿ. ಖಾಲಿನ ಬಿಡ್ರಿ, ಏನರ ತುಂಬಬೇಕಂತ ಹುಡುಕಬ್ಯಾಡ್ರಿ.

ಬಾಗಿಲ ಹಾಕ್ಕೊಂಡು (ಮತ್ತಾಯ 6:6) ಅದನ್ನ ಬಾಯಿಬಿಟ್ಟು ಓದ್ರಿ, ಹದಿನೈದು ನಿಮಿಷ ಸಾಕು. ಮನಸಿನ್ಯಾಗ ಅಂದದ್ದು ಗಾಣದ ಎತ್ತಿನಂಗ ಸುತ್ತತೈತಿ, ಬಾಯಿಂದ ಬಂದದ್ದಕ್ಕ ಒಂದು ಕೊನಿ ಇರ್ತೈತಿ. ಎಡಗಡೆದು ಮುಗಿದ ಮ್ಯಾಲ, ಅರಿಕೆ ಮಾಡಿದ್ರ ಕ್ಷಮಿಸ್ತಾನ ಅನ್ನೂ 1 ಯೋಹಾನ 1:9 ಓದ್ರಿ. ಬಲಗಡೆದಕ್ಕ ಕ್ಷಮಾ ಕೇಳಬ್ಯಾಡ್ರಿ, "ಇದನ್ನ ನೀ ನೋಡೀಯಲ್ಲ" ಅಂತ ಅವನ ಮುಂದ ಇಡ್ರಿ. ಮಾರಿ ಎತ್ತಾಕ ಆಗವಲ್ದಂದ್ರ ಎತ್ತಬ್ಯಾಡ್ರಿ. ಲೂಕ 18:13ರ ಸುಂಕದವನೂ ಎತ್ತಲಿಲ್ಲ, ದೂರ ನಿಂತು ಎದಿ ಬಡಕೊಂಡ. ನೀತಿವಂತನಾಗಿ ಮನಿಗೆ ಹೋದವ ಅವನ.

ಕೆಡೂದು ಎಲ್ಲೆಂದ್ರ, "ನಾನು ಹುಳ, ಮಹಾಪಾಪಿ" ಅಂತ ದೊಡ್ಡ ಮಾತಾಡೂದು. ಕೇಳಾಕ ತಗ್ಗಿದಂಗ ಕಾಣಿಸ್ತೈತಿ, ಖರೇ ಅಂದ್ರ ಅದೂ ಅಡಗೂದ, ಯಾಕಂದ್ರ ಏನು ಮಾಡಿದ್ದು ಅಂತ ಒಂದೂ ಹೊರಗ ಬರಲಿಲ್ಲ. ಆದಾಮ ಆದಿಕಾಂಡ 3:10ರಾಗ "ಬೆತ್ತಲೆ ಇದ್ದೆ, ಅಂಜಿ ಅಡಗಿದೆ" ಅಂತ ನೆಟ್ಟಗ ಹೇಳಿದ, 12ಕ್ಕ ಬರೂದ್ರಾಗ ಹೆಂಡತಿ ಮ್ಯಾಲ ಹಾಕಿದ. ಎಡಗಡೆದನ್ನ ಬಲಕ್ಕ ಜಾರಿಸೂದು ಅಂದ್ರ ಇದ. ಇನ್ನು ಕಡೀಕ ಸ್ತೋತ್ರ ಹೇಳಲೇಬೇಕಂತಿಲ್ಲ, 88ನೇ ಕೀರ್ತನೆ ಕತ್ತಲಿನ್ಯಾಗ ಮುಗೀತೈತಿ, ಆದ್ರೂ ಸತ್ಯವೇದದಾಗ ಐತಿ. ಅದ ತಪ್ಪನ್ನ ದಿನಾ ರಾತ್ರಿ ಅರಿಕೆ ಮಾಡಬ್ಯಾಡ್ರಿ. ಮರುದಿನದಿಂದ ಕೀರ್ತನೆ 34:5 ಓದಿದ್ರ ಸಾಕು, ಅವನ ಕಡೆ ನೋಡಿದವ್ರ ಮಾರಿ ನಾಚೂದಿಲ್ಲ ಅಂತೈತಿ ಅದು.

ಹಾಳಿ ಸುಟ್ಟಬಿಡ್ರಿ. ಸುಡೂದ್ರಾಗ ಪುಣ್ಯ ಏನಿಲ್ಲ, ಸತ್ಯವೇದದಾಗ ಮಡಚಿಟ್ರ ಮನ್ಯಾಗ ಯಾರಾದರೂ ತಗೀತಾರ, ಅಷ್ಟ.

ಹಾವೇರಿ_ಕ್ಯಾಥೊಲಿಕ್:
ನಮ್ಮ ಕಡೆಯ ಕ್ರಮ ತಿಳಿಸುತ್ತೇನೆ. ಗುರುಗಳ (ಫಾದರ್) ಮುಂದೆ ಮಾಡುವ ಪಾಪನಿವೇದನೆಯಲ್ಲಿ ಗಂಭೀರ ಪಾಪಗಳನ್ನು ಬಗೆ ಮತ್ತು ಸಂಖ್ಯೆ ಸಮೇತ ಹೇಳಬೇಕು. ಕಥೆ, ವಿವರ ಬೇಕಿಲ್ಲ. ನಾಚಿಕೆಯಿಂದ ಒಂದನ್ನು ಬೇಕೆಂದೇ ಬಚ್ಚಿಟ್ಟರೆ ನಿವೇದನೆ ಊರ್ಜಿತವಾಗುವುದಿಲ್ಲ. ಮರೆತು ಬಿಟ್ಟಿದ್ದರೆ ಅದೂ ಕ್ಷಮೆಯಲ್ಲಿ ಸೇರುತ್ತದೆ, ನೆನಪಾದಾಗ ಮುಂದಿನ ಸಲ ಹೇಳಿದರಾಯಿತು. ಬಾಯಿ ಬರದಿದ್ದರೆ "ಫಾದರ್, ಹೇಳಲು ನಾಚಿಕೆಯಾಗುವ ಒಂದು ವಿಷಯ ಇದೆ, ಕೇಳಿ ಹೊರಗೆ ತೆಗೆಯಿರಿ" ಎಂದರೆ ಸಾಕು, ಉಳಿದದ್ದನ್ನು ಅವರು ಪ್ರಶ್ನೆ ಕೇಳಿ ತೆಗೆಯುತ್ತಾರೆ.

ಜಾಲರಿಯ ಹಿಂದೆ ಕುಳಿತು ಹೇಳುವ ಹಕ್ಕಿದೆ. ಸ್ವಂತ ಚರ್ಚಿನ ಗುರುಗಳ ಬಳಿಯೇ ಆಗಬೇಕೆಂದಿಲ್ಲ, ಹಾವೇರಿಯವರು ಹುಬ್ಬಳ್ಳಿಗೆ ಬಂದಾಗ ಅಲ್ಲಿಯೇ ಮಾಡಬಹುದು. ಪೂಜೆಗೆ ಮುಂಚಿನ ಸಾಲಿನಲ್ಲಿ ನಿಂತು ಇಂಥದ್ದನ್ನು ಶುರು ಮಾಡಬೇಡಿ, ಹಿಂದೆ ನಿಂತವರು ಗಡಿಯಾರ ನೋಡುತ್ತಿರುತ್ತಾರೆ. ಮೊದಲೇ ಕೇಳಿ ಸಮಯ ಗೊತ್ತು ಮಾಡಿಕೊಳ್ಳಿ. ನಿವೇದನೆಯ ಗುಟ್ಟನ್ನು ನೇರವಾಗಿ ಬಿಟ್ಟುಕೊಟ್ಟ ಗುರು ತಾನಾಗಿಯೇ ಬಹಿಷ್ಕಾರಕ್ಕೆ ಒಳಗಾಗುತ್ತಾರೆ, ಅದು ಧರ್ಮಸಭೆಯ ಕಾನೂನು.

ಬೆಟಗೇರಿಯವರು ಹೇಳಿದ ಬಲಗಡೆಯ ಸಾಲು ಇಲ್ಲಿಯೂ ಅನ್ವಯ. ಬೇರೆಯವರು ತಮ್ಮ ಮೇಲೆ ಮಾಡಿದ್ದನ್ನು ಪಾಪವೆಂದು ನಿವೇದಿಸುವಂತಿಲ್ಲ.

ಧಾರವಾಡ_ಆಪ್ತಸಲಹೆ:
ಯುವಕೂಟದವರೇ, ಪಾಠಕ್ಕಿಂತ ಮೊದಲು ನಾಯಕರಿಗೆ ಇದನ್ನು ಹೇಳಿ. "ಯಾರಿಗೂ ಹೇಳೋದಿಲ್ಲ" ಎಂದು ಮಾತು ಕೊಡಬೇಡಿ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಮಾತು ಕೊಟ್ಟು ಮುರಿದರೆ ಆ ಮಗುವಿಗೆ ಎರಡನೇ ಪೆಟ್ಟು.

"ನಾನು ಇರಬಾರದಿತ್ತು", "ನನ್ನಿಂದ ಎಲ್ಲರಿಗೂ ಭಾರ" ಎಂಬ ಮಾತು ಬಂದರೆ ಕೀರ್ತನೆ ಕೊಟ್ಟು ಮನೆಗೆ ಕಳಿಸಬೇಡಿ. ಸಾಯುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಿ, ಒಬ್ಬರನ್ನೇ ಬಿಡಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಸಿಗುತ್ತದೆ. ಇಲ್ಲೇ ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಇನ್ನೊಂದು, ವಾಟ್ಸ್ಯಾಪ್ ಪ್ರಾರ್ಥನಾ ಗುಂಪು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಕಾಲದ ಸಭೆಗಳು ನಮ್ಮವು, ಹುಬ್ಬಳ್ಳಿಯದು 1839, ಬೆಟಗೇರಿಯದು 1841. ಅಷ್ಟು ತಲೆಮಾರಿನಲ್ಲಿ ಯಾರಿಗೆ ಯಾರು ಬೀಗರಲ್ಲ? "ಒಬ್ಬ ಸಹೋದರಿಗಾಗಿ ಪ್ರಾರ್ಥಿಸಿರಿ" ಎಂದು ಹೆಸರಿಲ್ಲದೆ ಹಾಕಿದರೂ ಸಂಜೆಯೊಳಗೆ ಹೆಸರು ಗೊತ್ತಾಗಿರುತ್ತದೆ. ಯಾಕೋಬ 5:16 ಒಬ್ಬರಿಗೊಬ್ಬರು ಅರಿಕೆ ಮಾಡಿರಿ ಎನ್ನುತ್ತದೆ, ಎಲ್ಲರಿಗೂ ಎಂದಲ್ಲ. ಒಬ್ಬರು ಸಾಕು.

ಯುವಕೂಟ_ಹುಬ್ಬಳ್ಳಿ:
ಭಾಳ ಉಪಕಾರ ಆತ್ರಿ. ಭೋಜನದಿಂದ ದೂರ ಇರೂದು ಸರೀನ? ಮತ್ತ ಸಾಲದವರು ಮನಿಗೆ ಹೇಳಬೇಕೋ, ದೇವರಿಗೆ ಹೇಳಿದ್ರ ಸಾಕೋ?

ಬೆಟಗೇರಿ_ಓದುಗ:
1 ಕೊರಿಂಥ 11:28 ಪರಿಶೋಧಿಸಿಕೊಂಡು ತಿನ್ನು ಅಂತೈತಿ, ಬಿಟ್ಟು ಹೋಗು ಅಂತಿಲ್ಲ. ತಿಂಗಳಾನುಗಟ್ಟಲೆ ದೂರ ಕುಂತ್ರ ಪರಿಶೋಧನೆ ಅಲ್ಲೇ ನಿಂತಂಗ.

ಸಾಲದ್ದು ದೇವರಿಗಷ್ಟ ಹೇಳಿದ್ರ ಆಗೂದಿಲ್ರಿ, ಮತ್ತಾಯ 5:23-24 ನೋಡ್ರಿ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಅಂತೈತಿ. ಮೋಸದಿಂದ ತಗೊಂಡದ್ದಕ್ಕ ಯಾಜಕಕಾಂಡ 6:5 ಅಸಲಿನ ಮ್ಯಾಲ ಐದರಾಗ ಒಂದು ಪಾಲು ಕೂಡಿಸಿ ಕೊಡು ಅಂತೈತಿ, 10,000ಕ್ಕ 12,000. ಸುಂಕದ ಜಕ್ಕಾಯ (ಲೂಕ 19:8) ನಾಕರಷ್ಟು ಕೊಡ್ತೀನಿ ಅಂದ. ಆ ಲೆಕ್ಕ ಮೋಸಕ್ಕ, ಬಡ್ಡಿಗೆ ತಂದ ಸಾಲಕ್ಕಲ್ಲ. ಮನಿಯವರ ಮುಂದ ಕುಂಡ್ರೂಮುಂದ ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಗಡುವು ಎಂದು, ಎಲ್ಲಾ ಬರಕೊಂಡು ಕುಂಡ್ರಬೇಕು. ಅರ್ಧ ಹೇಳಿ ಅರ್ಧ ಮುಚ್ಚಿಟ್ರ ಉಳಿದದ್ದು ಹೊರಗ ಬಿದ್ದ ದಿನ ಮೊದಲು ಹೇಳಿದ್ದನ್ನೂ ನಂಬೂದಿಲ್ಲ. ಇದನ್ನೆಲ್ಲ ಭೋಜನದ ಹಿಂದಿನ ಶನಿವಾರ ರಾತ್ರಿ ಶುರು ಮಾಡಬ್ಯಾಡ್ರಿ ಅಂತ ಹುಡುಗರಿಗೆ ಹೇಳ್ರಿ, ಎರಡು ವಾರ ಮೊದಲ ಕುಂಡ್ರಲಿ.