ಕಾಸ್ಟಿಕ್ ಹೆಚ್ಚಿಸಿದರೂ ಎಸ್‌ಒ2 ಏರುತ್ತಿದೆ, ನಾಕ್ಸ್ ಇಳಿಯುತ್ತಲೇ ಇಲ್ಲ

ಪೀಣ್ಯ_ಬಾಯ್ಲರ್:
ಪೀಣ್ಯದಲ್ಲಿ ಗಂಟೆಗೆ 3 ಟನ್ ಹಬೆ ಕೊಡುವ ಸ್ಮೋಕ್ ಟ್ಯೂಬ್ ಬಾಯ್ಲರ್ (ಬಿಸಿ ಹೊಗೆ ಕೊಳವೆಗಳೊಳಗೆ ಹರಿಯುವಂಥದ್ದು). ಫರ್ನೇಸ್ ಆಯಿಲ್ ಗಂಟೆಗೆ 200 ಕೆಜಿ, ಸಲ್ಫರ್ 3%. ಹೊಗೆ ತೊಳೆಯುವ ಪ್ಯಾಕ್ಡ್ ಬೆಡ್ ಸ್ಕ್ರಬ್ಬರ್‌ಗೆ (ಒಳಗೆ ತುಂಬಿದ ಪ್ಯಾಕಿಂಗ್ ತುಂಡುಗಳ ಮೇಲೆ ನೀರು ಸುರಿಯುವ ಗೋಪುರ) ಬೋರ್‌ವೆಲ್ ನೀರು. ಕಾಸ್ಟಿಕ್ (ಸೋಡಿಯಂ ಹೈಡ್ರಾಕ್ಸೈಡ್) ಹಾಕಿ ಪಿಎಚ್ 8ಕ್ಕೆ ಇಟ್ಟಿದ್ದೆವು. ಚಿಮಣಿಯಲ್ಲಿ ಎಸ್‌ಒ2 (ಸಲ್ಫರ್ ಡೈಆಕ್ಸೈಡ್) 150 ಪಿಪಿಎಂ ಇದ್ದದ್ದು 400 ಆಯಿತು ಅಂತ ಪಿಎಚ್ 10ಕ್ಕೆ ಏರಿಸಿದೆವು. ಎರಡು ದಿನ ಇಳಿದು ಮತ್ತೆ ಏರಿತು. ಕಾಸ್ಟಿಕ್ ಫ್ಲೇಕ್ಸ್ ಗಂಟೆಗೆ 25 ಕೆಜಿ ಹೋಗುತ್ತಿದೆ, ಸ್ಕ್ರಬ್ಬರ್ ನೀರಿನ ಪಂಪ್ ಪ್ರೆಶರ್ ಚದರ ಸೆಂ.ಮೀ.ಗೆ 2ರಿಂದ 2.8 ಕೆಜಿಗೆ ಏರಿದೆ. ನಾಕ್ಸ್ (ನೈಟ್ರೋಜನ್ ಆಕ್ಸೈಡ್‌ಗಳು) 210 ಪಿಪಿಎಂ (ಆಕ್ಸಿಜನ್ 8%), ಏನು ಮಾಡಿದರೂ ಅಷ್ಟೇ. ಪಂಪ್ ಬದಲಿಸಬೇಕಾ?

ನಾಝಲ್_ನೋಡಿ:
ಪಂಪ್ ಮುಟ್ಟಬೇಡಿ ಸರ್, ಮೊದಲು ಮೋಟರ್ ಆಂಪಿಯರ್ ನೋಡಿ. ಪ್ರೆಶರ್ ಏರಿ ಆಂಪಿಯರ್ ಇಳಿದಿದ್ದರೆ ನೀರು ಸಿಂಪಡಿಸುವ ನಾಝಲ್ ಕಟ್ಟಿಕೊಂಡಿದೆ. ಪ್ರೆಶರ್ ಇಳಿದು ಆಂಪಿಯರ್ ಏರಿದ್ದರೆ ನಾಝಲ್ ಸವೆದಿದೆ, ಇಲ್ಲವೇ ಕಳಚಿ ಬಿದ್ದಿದೆ.

ಕಾಸ್ಟಿಕ್ ಲೆಕ್ಕ ಹಾಕಿ. 6 ಕೆಜಿ ಸಲ್ಫರ್ ಉರಿದರೆ 12 ಕೆಜಿ ಎಸ್‌ಒ2. ಒಂದು ಕೆಜಿ ಎಸ್‌ಒ2 ಸೋಡಿಯಂ ಸಲ್ಫೈಟ್ ಆಗಲು 1.25 ಕೆಜಿ ಕಾಸ್ಟಿಕ್ ಬೇಕು, ಬೈಸಲ್ಫೈಟ್‌ನಲ್ಲೇ ನಿಂತರೆ ಅದರ ಅರ್ಧ ಸಾಕು. ಪೂರ್ತಿ ಹಿಡಿದರೂ 15 ಕೆಜಿ ದಾಟಬಾರದು. ಮಿಕ್ಕ 10 ಕೆಜಿಯನ್ನು ತಿನ್ನುತ್ತಿರುವುದು ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್. ಪಿಎಚ್ 9 ದಾಟಿದರೆ ಅದು ಕಾರ್ಬೊನೇಟ್ ಆಗಿ ಕರಗುತ್ತದೆ. ಗಡಸು ಬೋರ್ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದಂತೆ ಗಟ್ಟಿಯಾಗಿ ನಾಝಲ್, ಪ್ಯಾಕಿಂಗ್ ಎರಡನ್ನೂ ಕಟ್ಟುತ್ತದೆ. ನೀರಿನ ಹರಿವು ಕುಗ್ಗಿದ್ದಕ್ಕೆ ಎಸ್‌ಒ2 ಏರಿದೆ. ನೀವು ಸುರಿದ ಕಾಸ್ಟಿಕ್ಕೇ ಆ ಕಟ್ಟನ್ನು ಬೆಳೆಸುತ್ತಿದೆ.

ಬಾಯ್ಲರ್ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿ, ಚೆನ್ನಾಗಿ ನೀರಿನಲ್ಲಿ ತೊಳೆದ ಮೇಲಷ್ಟೇ 5% ಸಲ್ಫಾಮಿಕ್ ಆಸಿಡ್ ಸುತ್ತಿಸಿ. ಸ್ಟೇನ್‌ಲೆಸ್ ಸ್ಟೀಲ್ ಭಾಗ ಇದ್ದರೆ ಹೈಡ್ರೋಕ್ಲೋರಿಕ್ ಬೇಡವೇ ಬೇಡ. ದಯವಿಟ್ಟು ಇದನ್ನು ಮರೆಯಬೇಡಿ: ಸಲ್ಫೈಟ್ ಮೇಲೆ ಆಸಿಡ್ ಬಿದ್ದರೆ ಎಸ್‌ಒ2 ಹೊರಬರುತ್ತದೆ, ಕಟ್ಟಿದ ಪದರದಲ್ಲೂ ಸಲ್ಫೈಟ್ ಇರುತ್ತದೆ. ಹೊಗೆ ಎಳೆಯುವ ಐಡಿ ಫ್ಯಾನ್ ಓಡುತ್ತಲೇ ಇರಲಿ, ಮ್ಯಾನ್‌ಹೋಲ್ ಮುಚ್ಚಿರಲಿ, ಯಾರೂ ಒಳಗೆ ತಲೆ ಹಾಕಬಾರದು.

ಪಿಎಚ್ ಪ್ರೋಬ್ ತೆಗೆದು 7ರ ಬಫರ್‌ನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ಅದ್ದಿ. ಒಂದು ನಿಮಿಷದಲ್ಲಿ ಅಂಕಿ ನಿಲ್ಲದಿದ್ದರೆ ಗಾಜಿನ ಮೇಲೂ ಪದರ ಕಟ್ಟಿದೆ, ಡೋಸಿಂಗ್ ಪಂಪ್ ಅದನ್ನೇ ನಂಬಿ ಸುರಿಯುತ್ತಿದೆ. ತೊಳೆದು 4 ಮತ್ತು 7ರಲ್ಲಿ ಕ್ಯಾಲಿಬ್ರೇಟ್ ಮಾಡಿ. ಆಮೇಲೆ ಸೆಟ್‌ಪಾಯಿಂಟ್ 7ರ ಆಸುಪಾಸು ಇರಲಿ. ಕಾಸ್ಟಿಕ್ 10ರಿಂದ 13 ಕೆಜಿಗೆ ಬರಬೇಕು. ಮೇಕಪ್‌ಗೆ (ಕಡಿಮೆಯಾದ ನೀರು ತುಂಬಲು) ಗಡಸು ತೆಗೆದ ಸಾಫ್ಟ್‌ನರ್ ನೀರೇ ಕೊಡಿ.

ಬರ್ನರ್_ಮಾತು:
ನಾಕ್ಸ್‌ನಲ್ಲಿ ಶೇ. 90ಕ್ಕೂ ಹೆಚ್ಚು ನೈಟ್ರಿಕ್ ಆಕ್ಸೈಡ್, ಅದು ನೀರಿನಲ್ಲಿ ಕರಗುವುದೇ ಅಪರೂಪ. ಕಾಸ್ಟಿಕ್‌ನಿಂದ ಅದನ್ನು ಹಿಡಿಯಲು ಆಗದು, ಬರ್ನರ್ ಕಡೆ ಬನ್ನಿ. ನಿಮ್ಮ 210 ಕೂಡ ಗಾಳಿ ಬೆರೆತು ತೆಳುವಾದ ಅಂಕಿ. 3% ಆಕ್ಸಿಜನ್‌ಗೆ ತಂದರೆ 210 × 18 ÷ 13, ಅಂದರೆ ಸುಮಾರು 291 ಪಿಪಿಎಂ.

ಮೊದಲು ಸ್ಕ್ರಬ್ಬರ್‌ಗೆ ಮುಂಚೆ, ಬಾಯ್ಲರ್ ಔಟ್‌ಲೆಟ್‌ನಲ್ಲಿ ಆಕ್ಸಿಜನ್ ಅಳೆಯಿರಿ. ಅಲ್ಲಿ 4 ಇದ್ದು ಚಿಮಣಿಯಲ್ಲಿ 8 ಇದ್ದರೆ ಡಕ್ಟ್ ಜಾಯಿಂಟ್ ಸೋರುತ್ತಿದೆ. ಅಲ್ಲೂ 8 ಇದ್ದರೆ ಬರ್ನರ್ ಗಾಳಿಯನ್ನು ನಿಧಾನವಾಗಿ ಕಡಿಮೆ ಮಾಡಿ 3.5–4ಕ್ಕೆ ತನ್ನಿ. ಕಾರ್ಬನ್ ಮೊನಾಕ್ಸೈಡ್ ಏರತೊಡಗಿದರೆ ಅಥವಾ ಹೊಗೆ ಕಪ್ಪಾದರೆ ಅಲ್ಲೇ ನಿಲ್ಲಿಸಿ. ಎಣ್ಣೆಯ ಬಿಸಿ ಸಾಲದೆ ಹನಿ ದಪ್ಪವಾಗಿ ಬೀಳುತ್ತಿದ್ದರೂ ಹೀಗೇ ಆಗುತ್ತದೆ, ಪ್ರೀಹೀಟರ್ ನೋಡಿ.

ಪೀಣ್ಯ_ಬಾಯ್ಲರ್:
ಆಂಪಿಯರ್ ಇಳಿದಿದೆ, ನೀವು ಹೇಳಿದ ಹಾಗೇ. ಸ್ಕ್ರಬ್ಬರ್ ಟ್ಯಾಂಕ್‌ಗೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಹಾಕಿದರೆ, ಇಲ್ಲ ಯೂರಿಯಾ ಸ್ಪ್ರೇ ಮಾಡಿದರೆ ನಾಕ್ಸ್ ಹೋಗುತ್ತೆ ಅಂತ ಇಲ್ಲೊಬ್ಬರು ಹೇಳಿದರು.

ಬರ್ನರ್_ಮಾತು:
ಹೈಪೋ ಬೇಡ. ಟ್ಯಾಂಕ್‌ನಲ್ಲಿರುವ ಸಲ್ಫೈಟೇ ಅದನ್ನು ಮೊದಲು ಮುಗಿಸುತ್ತದೆ, ಆಸಿಡ್ ತಾಗಿದರೆ ಕ್ಲೋರಿನ್ ಬರುತ್ತದೆ. ಯೂರಿಯಾಗೆ ಸುಮಾರು 900ರಿಂದ 1,100 ಡಿಗ್ರಿ ಬಿಸಿಯಲ್ಲಿ ಬೆರೆಯಲು ಸಮಯ ಬೇಕು, 3 ಟನ್ ಸ್ಮೋಕ್ ಟ್ಯೂಬ್‌ನ ಗಿಡ್ಡ ಫರ್ನೇಸ್‌ನಲ್ಲಿ ಅದು ಸಿಗುವುದು ಕಷ್ಟ. ಗಾಳಿ ಸರಿಮಾಡಿದ ಮೇಲೂ ನಾಕ್ಸ್ ಹೆಚ್ಚಿದ್ದರೆ ಲೋ ನಾಕ್ಸ್ ಬರ್ನರ್ ಕೇಳಿ. ನಿಮ್ಮ ರಸ್ತೆಗೆ ಪೈಪ್ ಗ್ಯಾಸ್ ಲೈನ್ ಬಂದಿದ್ದರೆ ಅದೇ ಒಳ್ಳೆಯದು, ಸಲ್ಫರ್ ತಲೆನೋವೂ ತಪ್ಪುತ್ತದೆ.

ನಾಝಲ್_ನೋಡಿ:
ಇನ್ನೊಂದು ಮಾತು. ಸ್ಕ್ರಬ್ಬರ್‌ನ ಬ್ಲೋಡೌನ್ (ಹೊರಬಿಡುವ ಕೊಳೆ ನೀರು) ನೇರವಾಗಿ ಇಟಿಪಿಗೆ (ತ್ಯಾಜ್ಯ ನೀರು ಶುದ್ಧೀಕರಣ ಘಟಕ) ಬಿಡಬೇಡಿ. ಒಂದು ಗ್ರಾಂ ಸಲ್ಫೈಟ್ 0.2 ಗ್ರಾಂ ಸಿಒಡಿಯಾಗಿ (ನೀರಿನ ಕೊಳೆಗೆ ಬೇಕಾಗುವ ಆಕ್ಸಿಜನ್‌ನ ಅಳತೆ) ಕಾಣಿಸುತ್ತದೆ. ಬೇರೆ ಟ್ಯಾಂಕ್‌ನಲ್ಲಿ ಗಾಳಿ ಊದಿ ಸಲ್ಫೇಟ್ ಮಾಡಿ ಆಮೇಲೆ ಕಳಿಸಿ. ಊದುವಾಗ ಪಿಎಚ್ 7ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಹಿಡಿದ ಎಸ್‌ಒ2 ಶೆಡ್ ಒಳಗೇ ಹರಡುತ್ತದೆ.